ಮದುಮಗಳ ಅಂಚಿನಲ್ಲಿ ಒಂದು ಕೂದಲು

ಮೊದಲೇ ಹೇಳಿಬಿಡುತ್ತೇನೆ, ಆ ಕೂದಲು ನನ್ನದಲ್ಲ. ನನ್ನ ತಲೆ ಹದಿನೈದು ವರ್ಷದಿಂದ ಕೆಂಪಗಿದೆ. ಬಣ್ಣ ಹಾಕಿಸಿದ ಕೆಂಪು ಎಂದು ಇಟಲಿಯ ಈ ಇಡೀ ತೊರಿನೊ ಪಟ್ಟಣಕ್ಕೆ ಗೊತ್ತು, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಸಿಕ್ಕಿದ್ದು ಬೆಳ್ಳಿ ಕೂದಲು. ನಮ್ಮ ಬಿಳಿ ಕೋಣೆಯಲ್ಲಿ ಹೊಲಿಯುವ ಐವರಲ್ಲಿ ಬೆಳ್ಳಿ ತಲೆಯವಳು ಅರ್ಮಿದಾ ಒಬ್ಬಳೇ.

ನನ್ನ ಹೆಸರು ಪಿಯೆರಾ. ವಯಸ್ಸು ಅರವತ್ತನಾಲ್ಕು, ಗಂಡ ತೀರಿಕೊಂಡು ಒಂಬತ್ತು ವರ್ಷ, ಕೆಲಸ ಉಪಗ್ರಹಗಳಿಗೆ ಬಟ್ಟೆ ಹೊಲಿಯುವುದು. ನಗುವವರು ನಕ್ಕುಬಿಡಿ, ನನಗೆ ಅಭ್ಯಾಸವಾಗಿದೆ. ಮೇಲೆ ಹೋದ ಯಂತ್ರ ಬಿಸಿಲಿಗೆ ಬಂದರೆ ಸುಡುತ್ತದೆ, ನೆರಳಿಗೆ ಹೋದರೆ ಮರಗಟ್ಟುತ್ತದೆ. ಅದಕ್ಕೊಂದು ಹೊದಿಕೆ ಬೇಡವೇ? ಬೆಳ್ಳಿ ಬಣ್ಣದ ತೆಳ್ಳನೆಯ ಹಾಳೆ ಇಪ್ಪತ್ತು ಪದರ, ಒಂದಕ್ಕೊಂದು ತಾಗದಂತೆ ನಡುನಡುವೆ ಜಾಲರಿ ಬಟ್ಟೆ, ಎಲ್ಲದರ ಮೇಲೆ ಚಿನ್ನದ ಬಣ್ಣದ್ದೊಂದು. ಮೂಲೆಗಳು, ತಿರುವುಗಳು, ತಂತಿ ಹೊರಬರುವ ತೂತುಗಳು. ಯಾವ ಹೊಲಿಗೆ ಯಂತ್ರಕ್ಕೂ ಅದು ಬಗ್ಗುವುದಿಲ್ಲ. ಕೈಯಲ್ಲೇ ಹೊಲಿಯಬೇಕು.

ಆ ಜಾಲರಿ ಬಟ್ಟೆ ಯಾವುದು ಗೊತ್ತೇ? ಮದುಮಗಳ ಮುಸುಕಿಗೆ ಹಾಕುತ್ತಾರಲ್ಲ, ಅದೇ. ಅದಕ್ಕೇ ನಮ್ಮನ್ನು ಕರೆದದ್ದು. ನಾನು ಹದಿನೈದಕ್ಕೆ, ಅರ್ಮಿದಾ ಹದಿನೇಳಕ್ಕೆ, ಸಿನ್ಯೋರಾ ಒತ್ತಾವಿಯಾಳ ಮದುವೆ ಉಡುಪಿನ ಅಂಗಡಿಗೆ ಸೇರಿ ಇಪ್ಪತ್ತೆರಡು ವರ್ಷ ಅಕ್ಕಪಕ್ಕ ಕೂತು ಹೊಲಿದವರು. ಸಿನ್ಯೋರಾ ತೀರಿಕೊಂಡು ಅಂಗಡಿ ಮುಚ್ಚಿದ ವರ್ಷ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು, ಜಾಲರಿ ಬಟ್ಟೆಯಲ್ಲಿ ಕೈ ಪಳಗಿದ ಹೆಂಗಸರು ಬೇಕು ಎಂದು. ಚರ್ಚಿನ ಪರದೆಯೋ ಏನೋ ಅಂದುಕೊಂಡು ಹೋದೆವು. ಒಳಗೆ ನೋಡಿದರೆ ಬಸ್ಸಿನಷ್ಟು ದೊಡ್ಡ ಯಂತ್ರವೊಂದು ಬತ್ತಲೆ ನಿಂತಿತ್ತು. ‘ಪಾಪ, ಇದಕ್ಕೆ ಮೊದಲು ಏನಾದ್ರೂ ಉಡಿಸ್ರಪ್ಪಾ’ ಎಂದಳು ಅರ್ಮಿದಾ. ಅಲ್ಲಿಂದ ಇಪ್ಪತ್ತೇಳು ವರ್ಷ ಉಡಿಸುತ್ತಲೇ ಬಂದಿದ್ದೇವೆ. ಇಂಜಿನಿಯರುಗಳು ಒಂದೊಂದಕ್ಕೂ ಅಕ್ಷರ, ಅಂಕಿ ಸೇರಿಸಿ ಏನೇನೋ ಹೆಸರಿಡುತ್ತಾರೆ. ನಮಗೆ ಎಲ್ಲವೂ ‘ಮದುಮಗಳು’.

ಒತ್ತಾವಿಯಾಳ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಮದುವೆಯಾಗದ ಹುಡುಗಿ ತನ್ನ ತಲೆಯ ಒಂದು ಕೂದಲನ್ನು ಮದುಮಗಳ ಉಡುಪಿನ ಕೆಳಗಿನ ಅಂಚಿನೊಳಗೆ ಇಟ್ಟು, ಮೂರು ಹೊಲಿಗೆ ಹಾಕಿ ಗಂಟು ಬಿಗಿದರೆ, ವರ್ಷ ತುಂಬುವುದರೊಳಗೆ ಅವಳಿಗೂ ಗಂಡು ಗಟ್ಟಿ. ಒತ್ತಾವಿಯಾಳಿಗೆ ಗೊತ್ತಿತ್ತು, ಗೊತ್ತಿಲ್ಲದಂತೆ ಇರುತ್ತಿದ್ದಳು. ನನಗೆ ಎರಡನೆಯ ಕೂದಲಿಗೇ ಟ್ರಾಮ್ ಓಡಿಸುವ ರೆಂಜೊ ಸಿಕ್ಕಿಬಿಟ್ಟ. ಅರ್ಮಿದಾ ಇಪ್ಪತ್ತೆರಡು ವರ್ಷ ಹೊಲಿದಳು. ‘ನನ್ನ ಕೂದಲು ಈ ಸೀಮೆಯ ಅರ್ಧ ಹೆಂಗಸರ ಮದುವೇಲಿ ಕುಣಿದು ಬಂದಿದೆ ಕಣೇ, ನಾನು ಮಾತ್ರ ಕೂತಲ್ಲೇ ಕೂತಿದೀನಿ’ ಎಂದು ತಾನೇ ಹೇಳಿ ನಗುತ್ತಿದ್ದಳು. ಆಗೆಲ್ಲ ನಾನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ಬಗ್ಗಿಸುತ್ತಿದ್ದೆ.

ಬಿಳಿ ಕೋಣೆಗೆ ಬಂದ ಮೇಲೆ ಆ ಪದ್ಧತಿ ನಿಂತುಹೋಯಿತು. ನಿಲ್ಲಲೇಬೇಕು. ಅಲ್ಲಿ ತಲೆಗೆ ಎರಡು ಜಾಲರಿ, ಅದರ ಮೇಲೆ ಮುಸುಕು, ಬಾಯಿಗೆ ಬಟ್ಟೆ, ಕೈಗೆ ಕವಚ, ಮೈಗೆ ಬಿಳಿ ನಿಲುವಂಗಿ. ಮುಖಕ್ಕೆ ಪೌಡರ್ ಕೂಡದು, ಕಿವಿಗೆ ಓಲೆ ಕೂಡದು. ಅಲ್ಲಿ ಕೂದಲು ಎಂದರೆ ಕೊಲೆಗೆ ಸಮ.

ಅದನ್ನು ಪತ್ತೆ ಮಾಡುವುದಕ್ಕೇ ಒಬ್ಬ ಮನುಷ್ಯ ಬರುತ್ತಿದ್ದ, ತಿಂಗಳಿಗೊಮ್ಮೆ, ಹಾಲೆಂಡಿನಿಂದ. ಸಿಬ್ರೆನ್ ತೆರ್ಪ್‌ಸ್ತ್ರಾ. ಬಾಗಿಲಿನಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಾದಷ್ಟು ಉದ್ದ. ಕೋಣೆಯ ದೀಪ ಆರಿಸಿ, ತನ್ನ ನೇರಳೆ ದೀಪ ಹಚ್ಚಿ, ಹೊದಿಕೆಗಳನ್ನು ಅಂಗುಲ ಅಂಗುಲ ನೋಡುವನು. ಆ ಬೆಳಕಿನಲ್ಲಿ ಕಣ್ಣಿಗೆ ಕಾಣದ ನಾರು, ಧೂಳು ಎಲ್ಲ ನೀಲಿಯಾಗಿ ಹೊಳೆದು ತಮ್ಮನ್ನು ತಾವೇ ತೋರಿಸಿಕೊಡುತ್ತವೆ. ನಾವು ಅವನಿಗೆ ‘ದೀಪದ ಸಾಹೇಬ’ ಎಂದು ಹೆಸರಿಟ್ಟಿದ್ದೆವು. ಹೆಂಡತಿ ಸತ್ತು ಹನ್ನೊಂದು ವರ್ಷವಾಗಿದ್ದವನು. ನಮ್ಮ ಭಾಷೆಯನ್ನು ಪುಸ್ತಕ ಓದಿ ಕಲಿತಿದ್ದ, ಒಂದೊಂದು ಮಾತನ್ನೂ ನೆಲದ ಮೇಲೆ ಜೋಪಾನವಾಗಿ ಇಟ್ಟು ಮುಂದೆ ಸರಿಯುವನು.

ಬರುವಾಗಲೆಲ್ಲ ತನ್ನ ಊರಿನ ಮಿಠಾಯಿ ತರುತ್ತಿದ್ದ. ಮಿಠಾಯಿ ಎನ್ನುವುದು ಅವನ ಮಾತು. ಕಪ್ಪಗೆ ಡಾಂಬರಿನಂತಿದ್ದು ಉಪ್ಪುಪ್ಪಾಗಿರುತ್ತಿತ್ತು. ನಾನು ಮೊದಲ ಸಲವೇ ಕರವಸ್ತ್ರಕ್ಕೆ ಉಗಿದೆ. ನೇಪಲ್ಸಿನಿಂದ ಬಂದು ನಮ್ಮಲ್ಲಿ ಕೆಲಸಕ್ಕೆ ಸೇರಿದ್ದ ನೂನ್ಸಿಯಾ ಕಿಟಕಿಯಿಂದ ಹೊರಗೆಸೆದಳು. ಅರ್ಮಿದಾ ಮಾತ್ರ, ಒಂದೊಂದನ್ನೂ ಬಾಯಲ್ಲಿಟ್ಟು, ಕಣ್ಣು ಮುಚ್ಚಿ, ‘ತುಂಬಾ ಚೆನ್ನಾಗಿದೆ ಸಿನ್ಯೋರ್ ಸಿಬ್ರೆನ್’ ಎನ್ನುವಳು. ಆರು ವರ್ಷ ಹೀಗೇ ನಡೆಯಿತು. ಮುಂದಿನ ತಿಂಗಳು ಅವನು ಇನ್ನೂ ದೊಡ್ಡ ಪೊಟ್ಟಣ ತರುವನು. ನಮ್ಮ ಕಣ್ಣಿಗೆ ಎಲ್ಲ ಕಾಣುತ್ತಿತ್ತು. ಕಾಣದವನು ಅವನೊಬ್ಬನೇ, ದೀಪ ಹಿಡಿದುಕೊಂಡೇ ತಿರುಗುವವನು.

ಈ ಸಲದ ಮದುಮಗಳು ಸಮುದ್ರ ನೋಡುವವಳು. ನೀರಿನ ಮಟ್ಟ ಎಷ್ಟು ಏರಿತು, ಸಮುದ್ರದ ಮೈ ಎಷ್ಟು ಬಿಸಿಯಾಯಿತು, ಎಲ್ಲವನ್ನೂ ಮೇಲಿನಿಂದ ಅಳೆಯುತ್ತಾಳೆ, ಅಳೆದದ್ದನ್ನು ಪ್ರಪಂಚದಲ್ಲಿ ಯಾರು ಕೇಳಿದರೂ ಪುಕ್ಕಟೆ ಕೊಡುತ್ತಾರೆ. ಮೈ ಜರ್ಮನಿಯದು, ರೆಕ್ಕೆ ಇನ್ನೊಂದು ದೇಶದ್ದು, ಎದೆಯಲ್ಲಿರುವ ಕನ್ನಡಿ ಮತ್ತೊಂದು ದೇಶದ್ದು, ಉಡುಪು ನಮ್ಮದು. ಶುಕ್ರವಾರ ಲಾರಿಯಲ್ಲಿ ಹೊರಟು, ಹಡಗು ಹತ್ತಿ, ದಕ್ಷಿಣ ಅಮೆರಿಕದ ಕೂರು ಎಂಬ ಊರಿಗೆ ಹೋಗಿ ಅಲ್ಲಿಂದ ಮೇಲೆ ಹಾರಬೇಕು. ಅರ್ಮಿದಾಳ ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು, ಅಷ್ಟರೊಳಗೆ ಇನ್ನೊಬ್ಬಳು ಸಿದ್ಧವಾಗುವುದಿಲ್ಲ. ನಿವೃತ್ತಿಯಾಗುವವಳು ತನ್ನ ಕಡೆಯ ಮದುಮಗಳಿಗೆ ಕೊನೆಯ ಹೊಲಿಗೆ ಹಾಕುವುದು ನಮ್ಮಲ್ಲಿ ನಡೆದುಬಂದದ್ದು. ಎಲ್ಲರೂ ಸುತ್ತ ನಿಂತಿರುತ್ತಾರೆ, ಅವಳು ದಾರ ಕತ್ತರಿಸುತ್ತಾಳೆ, ಚಪ್ಪಾಳೆ. ಇಪ್ಪತ್ತೇಳು ವರ್ಷ ಬೇರೆಯವರಿಗೆ ಚಪ್ಪಾಳೆ ಹೊಡೆದ ಅರ್ಮಿದಾ ಆ ಶುಕ್ರವಾರಕ್ಕಾಗಿ ವರ್ಷದಿಂದ ಕಾದಿದ್ದಳು.

ಸೋಮವಾರ ಬೆಳಗ್ಗೆ ಸಿಬ್ರೆನ್ ದೀಪ ಹಚ್ಚಿದ. ಮೂವತ್ತೊಂದು ಹೊದಿಕೆಗಳನ್ನು ಮೇಜುಗಳ ಮೇಲೆ ಹಾಸಿದ್ದೆವು. ಇಪ್ಪತ್ತೆಂಟು ಮುಗಿಸಿ ಇಪ್ಪತ್ತೊಂಬತ್ತನೆಯದಕ್ಕೆ ಬಂದು ನಿಂತ. ನಿಂತವನು ಅಲುಗಲಿಲ್ಲ.

‘ಸಿನ್ಯೋರಾ ಪಿಯೆರಾ, ಸ್ವಲ್ಪ ಇಲ್ಲಿ ಬರ್ತೀರಾ?’

ಹೋದೆ. ಮದುಮಗಳ ಪಾದದ ಕಡೆ ಬರುವ ಹೊದಿಕೆ. ಅದರ ಅಂಚಿನ ಮಡಿಕೆಯನ್ನು ಚಿಮುಟದಲ್ಲಿ ಎತ್ತಿ ಹಿಡಿದಿದ್ದ. ಒಳಗೆ ಒಂದು ಎಳೆ ನೀಲಿಯಾಗಿ ಬೆಳಗುತ್ತಿತ್ತು. ಮೂರು ಹೊಲಿಗೆ, ಕೊನೆಗೆ ಒಂದು ಗಂಟು. ಒತ್ತಾವಿಯಾಳ ಅಂಗಡಿಯ ಗಂಟು. ಬದುಕಿರುವವರಲ್ಲಿ ಅದು ಗೊತ್ತಿರುವವರು ನಾವಿಬ್ಬರೇ.

‘ಉದುರಿದ ಕೂದಲಿರ್ಬೇಕು’ ಎಂದೆ.

‘ಉದುರಿದ ಕೂದಲು ತಾನೇ ಗಂಟು ಹಾಕ್ಕೊಳ್ಳಲ್ಲ, ಸಿನ್ಯೋರಾ’ ಎಂದ ಸಿಬ್ರೆನ್. ಅವನ ದನಿಯಲ್ಲಿ ಕೋಪ ಇರಲಿಲ್ಲ. ಅದೇ ನನಗೆ ಸಿಟ್ಟು ತರಿಸಿತು.

ನಮ್ಮ ಮೇಲಧಿಕಾರಿ ಇಂಜಿನಿಯರ್ ಬರಾಲೆ ಓಡಿಬಂದ. ಒಳ್ಳೆಯವನೇ, ಆದರೆ ಸಣ್ಣದಕ್ಕೂ ತಲೆಯ ಮೇಲೆ ಕೈ ಹೊತ್ತುಕೊಳ್ಳುವ ಜೀವ. ‘ಮುಗೀತು! ನಾವು ಮುಗಿದ್ವಿ! ಅದರ ಜಿಡ್ಡು ಆವಿಯಾಗಿ ಹೋಗಿ ಕನ್ನಡಿ ಮೇಲೆ ಕೂತ್ರೆ ಏನ್ರೀ ಗತಿ?’

‘ಕನ್ನಡಿ ಇರೋದು ಎದೇಲಿ. ಇದು ಪಾದದ್ದು’ ಎಂದೆ.

‘ಮೇಲೆ ಗಾಳಿ ಇಲ್ಲ, ಸಿನ್ಯೋರಾ. ಬಿಟ್ಟ ಆವಿ ಎಲ್ಲಿ ತಣ್ಣಗಿದೆಯೋ ಅಲ್ಲಿ ಹೋಗಿ ಕೂರುತ್ತೆ. ಕನ್ನಡಿ ತಣ್ಣಗಿರುತ್ತೆ’ ಎಂದ ಸಿಬ್ರೆನ್. ಆಮೇಲೆ ಮೆತ್ತಗೆ, ‘ದೋಷ ವರದಿ ಬರೀಬೇಕು. ಏನು ಸಿಕ್ತು, ಯಾಕೆ ಆಯ್ತು, ಮತ್ತೆ ಆಗದಂಗೆ ಏನು ಮಾಡಿದ್ರಿ. ಯಾಕೆ ಅನ್ನೋದು ಗೊತ್ತಿಲ್ಲ ಅಂತ ಬರೆದ್ರೆ ಮೂವತ್ತೊಂದನ್ನೂ ಬಿಚ್ಚಬೇಕು. ಶುಕ್ರವಾರದ ಲಾರಿ ಹೋಗಲ್ಲ. ಬೇಕಂತಲೇ ಯಾರೋ ಮಾಡಿದ್ದು ಅಂತಾದ್ರೆ…’

ಬೇಕೆಂದೇ ಮಾಡಿದವರ ಕಾರ್ಡು ಕಿತ್ತುಕೊಳ್ಳುತ್ತಾರೆ, ಬಿಳಿ ಕೋಣೆಯ ಬಾಗಿಲು ಅವರಿಗೆ ಮತ್ತೆ ತೆರೆಯುವುದಿಲ್ಲ. ಕೋಣೆಯ ಆ ಮೂಲೆಯಲ್ಲಿ ಅರ್ಮಿದಾ ನಿಂತಿದ್ದಳು. ಮುಸುಕಿನ ನಡುವೆ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ, ಅವೂ ನೆಲ ನೋಡುತ್ತಿದ್ದವು.

ಬಟ್ಟೆ ಬದಲಾಯಿಸುವ ಕೋಣೆಗೆ ಅವಳನ್ನು ಎಳೆದುಕೊಂಡು ಹೋದೆ. ಹಿಂದೆಯೇ ನೂನ್ಸಿಯಾ ಬಂದಳು. ಬೇಡ ಎಂದರೂ ಬರುವವಳು ಅವಳು.

‘ತಲೆ ನೆಟ್ಟಗಿದೆಯೇನೇ ನಿಂಗೆ?’ ಎಂದು ಶುರು ಮಾಡಿದೆ. ‘ಅರವತ್ತಾರು ವರ್ಷ! ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಗಂಡು ಬೇಕು ಅಂತ ಉಪಗ್ರಹಕ್ಕೆ ಕೂದಲು ಹೊಲೀತಾರೇನೇ? ಕೈಕವಚ ಹಾಕ್ಕೊಂಡು ಅದು ಹೇಗೆ ಒಳಗೆ ತಂದ್ಯೇ, ಕಳ್ಳಿ?’

‘ಬೆರಳಿಗೆ ಸುತ್ತಿಕೊಂಡಿದ್ದೆ. ಕವಚದೊಳಗೆ’ ಎಂದಳು ಅರ್ಮಿದಾ. ‘ಆಲ್ಕೋಹಾಲಲ್ಲಿ ಮೂರು ಸಲ ತೊಳೆದಿದ್ದೆ ಪಿಯೆರಾ. ಜಿಡ್ಡಿರಲ್ಲ ಅಂದ್ಕೊಂಡೆ. ಪಾದದ ಕಡೇದು, ಕನ್ನಡಿಗೆ ದೂರ ಅಂದ್ಕೊಂಡೆ.’

‘ಅಂದ್ಕೊಂಡಳಂತೆ! ದೊಡ್ಡ ವಿಜ್ಞಾನಿ!’

‘ಬೈಬೇಡ ಕಣೇ. ನಾನೇ ಹೋಗಿ ಹೇಳ್ತೀನಿ. ನನ್ನಿಂದ ಮದುಮಗಳು ನಿಲ್ಲೋದು ಬೇಡ.’

‘ಕೊನೆ ಹೊಲಿಗೆ?’

ಅವಳು ತಲೆಯ ಜಾಲರಿ ತೆಗೆದು ಮಡಿಚಿದಳು, ಮತ್ತೆ ಬಿಡಿಸಿದಳು, ಮತ್ತೆ ಮಡಿಚಿದಳು. 

‘ಸಿನ್ಯೋರಾ ಪಿಯೆರಾ, ನೀವು ಅವರ ಫೋನು ನೋಡಿದೀರಾ?’ ಎಂದಳು ನೂನ್ಸಿಯಾ.

‘ನೂನ್ಸಿಯಾ, ಬಾಯಿ ಮುಚ್ಚು’ ಎಂದಳು ಅರ್ಮಿದಾ.

ನೂನ್ಸಿಯಾ ಬಾಯಿ ಮುಚ್ಚಿದ ದಾಖಲೆ ಇಲ್ಲ. ಬೆಂಚಿನ ಮೇಲಿದ್ದ ಫೋನನ್ನು ಎತ್ತಿ ನನ್ನ ಮುಖಕ್ಕೆ ಹಿಡಿದಳು. ಮೇಲಿನಿಂದ ತೆಗೆದ ಚಿತ್ರ. ಕಪ್ಪು ನೀಲಿ ಸಮುದ್ರ, ಪಕ್ಕದಲ್ಲಿ ಒಂದು ಗೀಟು, ಗೀಟಿನ ಈಚೆ ಹಸಿರು ಹಸಿರು ಚೌಕಗಳು. ಐದು ವರ್ಷದ ಹಿಂದೆ ನಾವು ಉಡಿಸಿ ಕಳಿಸಿದ ಇನ್ನೊಬ್ಬ ಮದುಮಗಳು ತೆಗೆದದ್ದು.

‘ದಿನಾ ಬೆಳಗ್ಗೆ ಟ್ರಾಮಲ್ಲಿ ಹೊಸಾ ಚಿತ್ರ ಬಂದಿದ್ಯಾ ಅಂತ ನೋಡ್ತಾರೆ’ ಎಂದಳು ನೂನ್ಸಿಯಾ. ‘ಮೋಡ ಇದ್ರೆ ಅವತ್ತೆಲ್ಲಾ ಮುಖ ಸಪ್ಪಗೆ. ಈ ಚೌಕ ಇದೆಯಲ್ಲಾ, ಇದರೊಳಗೆ ದೀಪದ ಸಾಹೇಬರ ಮನೆ.’

‘ಅವರ ಊರು ಸಮುದ್ರಕ್ಕಿಂತ ಕೆಳಗಿದೆಯಂತೆ ಪಿಯೆರಾ’ ಎಂದಳು ಅರ್ಮಿದಾ, ತಪ್ಪು ಒಪ್ಪಿಕೊಳ್ಳುವ ಮಗುವಿನಂತೆ. ‘ಈ ಗೀಟು ಇದೆಯಲ್ಲ, ಅದು ಒಡ್ಡು. ಅದು ಒಡೆದ್ರೆ ಮನೆ ಮೇಲೆ ನೀರು. ನಾವು ಈಗ ಉಡಿಸ್ತಿರೋಳು ಆ ನೀರನ್ನೇ ಕಾಯೋಳು. ಇನ್ನೆಂಟು ತಿಂಗಳಿಗೆ ನಾನು ಮನೆಗೆ ಹೋಗ್ತೀನಿ, ಅವರು ಬರ್ತಾನೇ ಇರ್ತಾರೆ, ನಾನು ಇಲ್ಲಿರಲ್ಲ. ಯಾವ ಗಂಡೂ ಬೇಕು ಅಂತಲ್ಲ. ನಂದು ಅಂತ ಏನೋ ಒಂದು ಅವರ ಮನೆ ಮೇಲೆ ಹಾದು ಹೋಗ್ತಿರಲಿ ಅನ್ನಿಸ್ತು.’

ನೂನ್ಸಿಯಾ ಮೂಗು ಒರೆಸಿಕೊಂಡಳು. ನಾನು ಅಳುವವಳಲ್ಲ. ನನಗೆ ದುಃಖ ಬಂದರೆ ಸಿಟ್ಟಾಗಿ ಹೊರಗೆ ಬರುತ್ತದೆ. ಹುಟ್ಟುಗುಣ, ಏನು ಮಾಡಲಿ. ನೆಟ್ಟಗೆ ಕ್ಯಾಂಟೀನಿಗೆ ನಡೆದೆ.

ಸಿಬ್ರೆನ್ ಗೋಡೆ ಬದಿಯ ಮೇಜಿನಲ್ಲಿ ಒಬ್ಬನೇ ಕೂತಿದ್ದ. ಮುಂದೆ ಸಾರಿನ ಬಟ್ಟಲು, ಚಮಚ ಹಾಕಿರಲಿಲ್ಲ. ಪಕ್ಕದಲ್ಲಿ ವರದಿಯ ಕಾಗದ, ಹಾಳು ಕರಿ ಮಿಠಾಯಿಯ ಪೊಟ್ಟಣ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ.

‘ಯಾರ ಕೂದಲು ಅಂತ ಗೊತ್ತಲ್ವಾ ನಿಮಗೆ?’

‘ಗೊತ್ತು’ ಎಂದ. ‘ಬಣ್ಣ ನೋಡಿದ ತಕ್ಷಣ ಗೊತ್ತಾಯ್ತು. ಯಾಕೆ ಅಂತ ಗೊತ್ತಾಗ್ತಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಅವರ ಹೊಲಿಗೇಲಿ ಒಂದು ತಪ್ಪು ಬಂದಿಲ್ಲ. ಹಳೇ ವರದಿ ಎಲ್ಲಾ ನೋಡಿದೀನಿ. ಅಂಥವರು ಯಾಕೆ…’

‘ಹೇಳ್ತೀನಿ, ಕೇಳಿ’ ಎಂದು ಒತ್ತಾವಿಯಾಳ ಅಂಗಡಿಯಿಂದ ಹಿಡಿದು ಪೂರ್ತಿ ಹೇಳಿದೆ. ಕೂದಲು, ಅಂಚು, ಮೂರು ಹೊಲಿಗೆ, ಗಂಟು, ಗಂಡು. ಅವನು ಪೆನ್ನು ತೆಗೆದು ಬರೆದುಕೊಳ್ಳತೊಡಗಿದ. ನೋಡಿ ನನ್ನ ಪಿತ್ತ ನೆತ್ತಿಗೇರಿತು.

‘ಅಂದ್ರೆ ಇದು ಗಂಡ ಸಿಗಲಿ ಅಂತ ಮಾಡೋದು’ ಎಂದ.

‘ಹೌದು.’

‘ಸಿನ್ಯೋರಿನಾ ಅರ್ಮಿದಾಗೆ ಮದುವೆ ಆಗೋ ಆಸೆ ಇದೆಯಾ?’ ಅವನ ಮುಖ ಒಂಥರಾ ಬಾಡಿತು. ‘ಯಾರಾದ್ರೂ… ಇದಾರಾ?’

‘ಅಯ್ಯೋ ನನ್ನ ತಾಯಿ ಮರಿಯಾ!’ ಮೇಜು ಗುದ್ದಿದೆ, ಸಾರು ಚೆಲ್ಲಿತು. ಅಕ್ಕಪಕ್ಕದವರು ತಿರುಗಿ ನೋಡಿದರು, ನೋಡಲಿ. ‘ನಿಮಗೆ ಕಣ್ಣಿದೆಯೇನ್ರೀ? ಕತ್ತಲೇಲಿ ಒಂದು ಕೂದಲೆಳೆ ಕಾಣುತ್ತೆ, ಹಗಲು ಹೊತ್ತಲ್ಲಿ ಎದುರಿಗೆ ನಿಂತಿರೋ ಹೆಂಗಸು ಕಾಣಲ್ವಾ? ಆರು ವರ್ಷದಿಂದ ನಿಮ್ಮ ಈ ಡಾಂಬರನ್ನ ಇಡೀ ತೊರಿನೊದಲ್ಲಿ ತಿಂದವಳು ಅವಳೊಬ್ಬಳೇ. ನಾಯಿಗೆ ಹಾಕಿದ್ರೆ ನಾಯಿ ಮೂಸಲ್ಲ! ದಿನಾ ಟ್ರಾಮಲ್ಲಿ ಕೂತು ನಿಮ್ಮೂರ ಮೇಲೆ ಮೋಡ ಇದೆಯಾ ಇಲ್ವಾ ನೋಡ್ತಾಳೆ. ನಿಮ್ಮನೆ ಮೇಲೆ ನೀರು ಬರಬಾರ್ದು ಅಂತ ಆ ಕೂದಲು ಹೊಲಿದಿದ್ದು. ಬರ್ಕೊಳ್ಳಿ, ಬರ್ಕೊಳ್ಳಿ! ಬರ್ದು ಅವಳ ಕಾರ್ಡು ಕಿತ್ಕೊಳ್ಳಿ!’

ಪೆನ್ನು ಅವನ ಕೈಯಲ್ಲೇ ನಿಂತಿತ್ತು. ಕರವಸ್ತ್ರ ತೆಗೆದು ಚೆಲ್ಲಿದ ಸಾರನ್ನು ಒರೆಸಿದ. ಆಮೇಲೆ, ‘ಸುಳ್ಳು ಬರೆಯೋಕೆ ನನ್ನಿಂದ ಆಗಲ್ಲ, ಸಿನ್ಯೋರಾ ಪಿಯೆರಾ’ ಎಂದ.

‘ಗೊತ್ತು ಬಿಡಿ’ ಎಂದು ಎದ್ದುಬಂದೆ. ನಿಜ ಹೇಳಬೇಕೆಂದರೆ, ಸುಳ್ಳು ಬರೆಯುವವನಾಗಿದ್ದರೆ ನನಗೇ ಅವನ ಮೇಲೆ ಗೌರವ ಇರುತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅವನ ಪ್ರಾಮಾಣಿಕತೆಗೆ ಬೆಂಕಿ ಹಾಕಬೇಕೆನಿಸಿತ್ತು.

ಮಧ್ಯಾಹ್ನವೇ ಅರ್ಮಿದಾ ತಾನಾಗಿ ಹೋಗಿ ಬರಾಲೆಯ ಮುಂದೆ ಎಲ್ಲ ಒಪ್ಪಿಕೊಂಡು ತನ್ನ ಕಾರ್ಡನ್ನು ಮೇಜಿನ ಮೇಲಿಟ್ಟಳು. ಮಂಗಳವಾರ, ಬುಧವಾರ ನಾನೂ ನೂನ್ಸಿಯಾಳೂ ಇಪ್ಪತ್ತೊಂಬತ್ತನೆಯ ಹೊದಿಕೆಯನ್ನು ಬಿಚ್ಚಿ, ಕೂದಲನ್ನು ಪೊಟ್ಟಣಕ್ಕೆ ಹಾಕಿ, ಹೊಸದಾಗಿ ಹೊಲಿದೆವು. ಪಕ್ಕದ ಕುರ್ಚಿ ಖಾಲಿ ಇತ್ತು. ನಲವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಾನು ಪಕ್ಕದಲ್ಲಿ ಅರ್ಮಿದಾ ಇಲ್ಲದೆ ಸೂಜಿ ಹಿಡಿದದ್ದು. ಎರಡು ಸಲ ಬೆರಳು ಚುಚ್ಚಿಕೊಂಡೆ.

ಗುರುವಾರ ಬೆಳಗ್ಗೆ ಹತ್ತಕ್ಕೆ ಬರಾಲೆಯ ಕೋಣೆಗೆ ಕರೆ ಬಂತು. ವರದಿಗೆ ಸಹಿ ಹಾಕಬೇಕು, ಅರ್ಮಿದಾ, ಮೇಲ್ವಿಚಾರಕಿಯಾಗಿ ನಾನು, ಬರಾಲೆ. ಅರ್ಮಿದಾ ಭಾನುವಾರದ ಪ್ರಾರ್ಥನೆಗೆ ಹೋಗುವ ಕಡುನೀಲಿ ಉಡುಪು ಹಾಕಿಕೊಂಡು ಬಂದಿದ್ದಳು. ಶಿಕ್ಷೆಗಾದರೂ ಅಚ್ಚುಕಟ್ಟಾಗಿ ಹೋಗಬೇಕು ಎನ್ನುವವಳು. ಸಿಬ್ರೆನ್ ಕಿಟಕಿಯ ಬಳಿ ನೆಟ್ಟಗೆ ನಿಂತಿದ್ದ. ಮೂರು ದಿನ ನಿದ್ದೆ ಮಾಡಿದವನಂತೆ ಕಾಣಲಿಲ್ಲ.

ಬರಾಲೆ ಓದಿದ. ‘ಸಿಕ್ಕಿದ್ದು: ಒಂದು ಕೂದಲು. ಕಾರಣ: ಹೊಲಿಗೆಯ ಹೆಂಗಸರ ಹಳೆಯ ಪದ್ಧತಿ. ಮದುವೆಯಾಗದವರು ಮದುಮಗಳ ಉಡುಪಿನ ಅಂಚಿನಲ್ಲಿ ತಮ್ಮ ಕೂದಲು ಹೊಲಿಯುತ್ತಾರೆ. ಬೇಕೆಂದೇ ಮಾಡಿದ್ದು, ಕೆಡುಕಿನ ಉದ್ದೇಶದಿಂದಲ್ಲ. ತಕ್ಷಣದ ಕ್ರಮ: ಹೊದಿಕೆ ಬಿಚ್ಚಿ ಹೊಸದಾಗಿ ಹೊಲಿದು ಮತ್ತೆ ಪರೀಕ್ಷಿಸಲಾಗಿದೆ. ಉಳಿದ ಮೂವತ್ತು ಸ್ವಚ್ಛ. ಸಂಬಂಧಪಟ್ಟ ವ್ಯಕ್ತಿಯ ಕಾರ್ಡು ರದ್ದು. ನಿವೃತ್ತಿಯವರೆಗೆ ಬಿಳಿ ಕೋಣೆಯ ಹೊರಗೆ, ನಮೂನೆ ಕತ್ತರಿಸುವ ಕೋಣೆಯಲ್ಲಿ ಕೆಲಸ.’

ಅರ್ಮಿದಾ ತಲೆಯಾಡಿಸಿದಳು. ಕಾರ್ಡಿನ ಮಾತು ಬಂದಾಗ ಮಾತ್ರ ಕೈಚೀಲದ ಹಿಡಿ ಬಿಗಿಯಾಯಿತು.

‘ಇನ್ನೊಂದು ಕಾಲಂ ಇದೆ. ಇದು ಮತ್ತೆ ಆಗದಂತೆ ಕೈಗೊಂಡ ಕ್ರಮ’ ಎಂದು ಬರಾಲೆ ಮುಂದುವರಿಸಿದ. ‘ಒಂದು: ಎಲ್ಲ ಕೆಲಸಗಾರರಿಗೂ ತಿಳಿವಳಿಕೆ. ಎರಡು…’ ಅವನ ಬಾಯಿ ಹಾಗೇ ತೆರೆದುಕೊಂಡು ನಿಂತಿತು. ಕನ್ನಡಕ ತೆಗೆದು ಒರೆಸಿಕೊಂಡ. ‘ದೊತ್ತೋರ್ ತೆರ್ಪ್‌ಸ್ತ್ರಾ, ಇದು… ಇದನ್ನ ಓದ್ಲಾ?’

‘ಓದಿ.’

‘ಎರಡು: ಸಂಬಂಧಪಟ್ಟ ವ್ಯಕ್ತಿಗೆ ಮತ್ತೆ ಎಂದೂ ಕೂದಲು ಹೊಲಿಯುವ ಅಗತ್ಯ ಬಾರದಂತೆ ನೋಡಿಕೊಳ್ಳುವುದು. ಜವಾಬ್ದಾರಿ: ಸಿಬ್ರೆನ್ ತೆರ್ಪ್‌ಸ್ತ್ರಾ. ಸ್ಥಿತಿ: ಸಂಬಂಧಪಟ್ಟ ವ್ಯಕ್ತಿಯ ಒಪ್ಪಿಗೆಗೆ ಬಾಕಿ.’

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಮಿದಾಳಿಗೆ ಮೊದಲೇ ಆಗಿತ್ತು. ಅವಳ ಕಿವಿಯ ತುದಿ ಕೆಂಪಾಗಿತ್ತು.

‘ನಾನು ನಿನ್ನೆ ಕಚೇರಿಗೆ ಬರೆದಿದೀನಿ’ ಎಂದ ಸಿಬ್ರೆನ್, ಎಂದಿನಂತೆ ಒಂದೊಂದೇ ಮಾತು ಜೋಡಿಸಿ. ‘ಇನ್ಮೇಲೆ ನಾನು ಇಲ್ಲಿನ ಪರೀಕ್ಷಕ ಆಗಿರೋಕೆ ಆಗಲ್ಲ ಅಂತ. ಯಾರ ಕೆಲಸ ನೋಡ್ತೀವೋ ಅವರ ಮೇಲೆ ನಮಗೆ ಪ್ರೀತಿ ಇರಬಾರದು. ನಿಯಮ ಅದು. ನನಗೆ ಇದೆ. ಆರು ವರ್ಷದಿಂದ ಇದೆ, ಹೇಳಿರಲಿಲ್ಲ. ಅದೂ ಒಂದು ದೋಷವೇ, ಅದಕ್ಕೆ ಬೇರೆ ವರದಿ ಕೊಟ್ಟಿದೀನಿ. ಇಪ್ಪತ್ತೊಂಬತ್ತನೇದನ್ನ ನಿನ್ನೆ ನೋಡಿದ್ದು ಇನ್ನೊಬ್ಬರು. ನಾಳೆ ದೀಪ ಹಿಡಿಯೋರೂ ಅವರೇ. ಸಿನ್ಯೋರಿನಾ ಅರ್ಮಿದಾ, ನನ್ನ ಮನೆ ಸಮುದ್ರಕ್ಕಿಂತ ಎರಡು ಮೀಟರ್ ಕೆಳಗಿದೆ. ಇದನ್ನೂ ಮೊದಲೇ ಹೇಳಬೇಕು ಅನ್ನಿಸ್ತು.’

‘ಗೊತ್ತು’ ಎಂದಳು ಅರ್ಮಿದಾ. ದನಿ ಎಲ್ಲೋ ಆಳದಿಂದ ಬಂತು. ‘ನಂದೊಂದು ಷರತ್ತಿದೆ.’

‘ಹೇಳಿ.’

‘ಆ ಕರಿ ಮಿಠಾಯಿ ಇನ್ನು ತರಬಾರದು. ಆರು ವರ್ಷ ನುಂಗಿದೀನಿ. ಇನ್ನು ನನ್ನಿಂದ ಆಗಲ್ಲ.’

ಸಿಬ್ರೆನ್ ಅವಳನ್ನೇ ನೋಡಿದ. ‘ನಿಮಗೆ ಇಷ್ಟ ಅಂತ ತರ್ತಿದ್ದೆ’ ಎಂದ. ‘ನನಗೂ ಅದು ಸೇರಲ್ಲ. ನಮ್ಮಮ್ಮ ತಿಂತಿದ್ರು.’

ಅರ್ಮಿದಾ ನಗಲು ಹೋಗಿ ಅತ್ತುಬಿಟ್ಟಳು. ಅಳುತ್ತಲೇ ಪೆನ್ನು ಕೇಳಿದಳು. ‘ಒಪ್ಪಿಗೆಗೆ ಬಾಕಿ’ ಎನ್ನುವುದನ್ನು ಅಚ್ಚುಕಟ್ಟಾಗಿ ಒಂದು ಗೆರೆ ಎಳೆದು ಹೊಡೆದುಹಾಕಿ, ಮೇಲೆ ‘ಒಪ್ಪಿದೆ’ ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿದಳು. ಇಪ್ಪತ್ತೇಳು ವರ್ಷದ ಅಭ್ಯಾಸ, ತಿದ್ದಿದ ಕಡೆ ದಿನಾಂಕ ಹಾಕಲೇಬೇಕು. ಬರಾಲೆ ಕರವಸ್ತ್ರದಲ್ಲಿ ಮೂಗು ಸೀಟಿಕೊಂಡು, ‘ಇದನ್ನ ಮೇಲಿನ ಕಚೇರಿಗೆ ನಾನು ಹೇಗೆ ಕಳಿಸ್ಲಿ, ಏನಂತಾರೆ ಅವರು’ ಎಂದು ತಲೆಯ ಮೇಲೆ ಕೈಯಿಟ್ಟುಕೊಂಡ. ಕಳಿಸಿದ. ಹದಿನೈದು ದಿನದ ಮೇಲೆ ‘ಕ್ರಮ ತೃಪ್ತಿಕರ, ಮುಕ್ತಾಯ’ ಎಂಬ ಮುದ್ರೆ ಬಿದ್ದು ವಾಪಸ್ಸು ಬಂತು. ಯಾರೂ ಪೂರ್ತಿ ಓದಿರಲಿಕ್ಕಿಲ್ಲ ಎನ್ನುತ್ತಾಳೆ ನೂನ್ಸಿಯಾ. ಓದಿಯೇ ಹಾಕಿದ್ದು ಎಂದು ನನ್ನ ನಂಬಿಕೆ.

ಶುಕ್ರವಾರ ಮದುಮಗಳಿಗೆ ಉಡಿಸಿದೆವು. ಕೊನೆಯ ಹೊಲಿಗೆ ಹಾಕಲು ನನ್ನನ್ನು ಮುಂದೆ ತಳ್ಳಿದರು. ನನಗೆ ಇಷ್ಟವಿರಲಿಲ್ಲ, ಅದು ಅವಳದ್ದು. ಸೂಜಿ ಹಿಡಿದು ತಲೆಯೆತ್ತಿದೆ. ಸಂದರ್ಶಕರು ನಿಂತು ನೋಡುವ ಗಾಜಿನ ಆಚೆ ಇಬ್ಬರೂ ನಿಂತಿದ್ದರು, ಕಾರ್ಡು ಇಲ್ಲದ ಅರ್ಮಿದಾ, ದೀಪ ಇಲ್ಲದ ಸಿಬ್ರೆನ್. ಅವಳ ಬಲಗೈ ಅವನ ಕೈಯಲ್ಲಿತ್ತು. ಎಡಗೈಯನ್ನು ಗಾಜಿನ ಹತ್ತಿರ ತಂದು, ಹೆಬ್ಬೆರಳು ತೋರುಬೆರಳು ಸೇರಿಸಿ, ಗಾಳಿಯಲ್ಲೇ ಹೊಲಿಗೆ ಹಾಕುತ್ತಿದ್ದಳು. ಅವಳ ಕೈ ಏರಿದಾಗ ನನ್ನದನ್ನು ಏರಿಸಿದೆ, ಇಳಿದಾಗ ಇಳಿಸಿದೆ. ಅವಳು ಎಳೆದಷ್ಟೇ ಎಳೆದೆ. ಅವಳು ಬೆರಳಿನ ಕತ್ತರಿ ಮುಚ್ಚಿದಾಗ ನಾನು ದಾರ ಕತ್ತರಿಸಿದೆ. ಚಪ್ಪಾಳೆ ಬಿತ್ತು. ಬಿಳಿ ಕೋಣೆಯಲ್ಲಿ ಕಣ್ಣೀರೂ ಕೊಳೆಯ ಲೆಕ್ಕವೇ, ಅದಕ್ಕೆ ಬೇಗ ಹೊರಗೆ ಬಂದುಬಿಟ್ಟೆ.

ಮದುಮಗಳು ಈಗ ಮೇಲಿದ್ದಾಳೆ. ಕನ್ನಡಿ ಸ್ವಚ್ಛವಾಗಿದೆಯಂತೆ, ಆ ಊರಿನ ಮೇಲೆ ದಿನ ಬಿಟ್ಟು ದಿನ ಹಾದುಹೋಗುತ್ತಾಳಂತೆ.

ಅರ್ಮಿದಾಳ ಮದುವೆ ಮುಂದಿನ ತಿಂಗಳು. ಉಡುಪು ಹೊಲಿಯುತ್ತಿರುವವಳು ನಾನೇ, ಬೇರೆ ಯಾರಿಗೆ ಬಿಡುತ್ತೇನೆ? ಕೆಳಗಿನ ಅಂಚಿಗೆ ಬಂದಾಗ ಸೂಜಿ ತಾನಾಗಿ ನಿಂತಿತು. ಮನೆಯಲ್ಲಿ ಯಾರೂ ಇರಲಿಲ್ಲ, ನೇರಳೆ ದೀಪವೂ ಇರಲಿಲ್ಲ. ನನ್ನ ತಲೆಯಿಂದ ಒಂದನ್ನು ಕಿತ್ತೆ. ಬುಡದಲ್ಲಿ ಬಿಳಿ, ಉಳಿದದ್ದೆಲ್ಲ ಕೆಂಪು. ಅಂಚಿನೊಳಗೆ ಇಟ್ಟು ಮೂರು 
ಹೊಲಿಗೆ ಹಾಕಿ ಗಂಟು ಬಿಗಿದೆ.